ಹಳೇದು ಮುಂದೆ, ಹೊಸದು ಹಿಂದೆ

ತಮ್ಮಾ,

ನಿನ್ನೆ ಬಂದ ಮೊಸರಿನ ಕ್ರೇಟುಗಳನ್ನ ಮತ್ತೆ ಬಾಗಿಲ ಹತ್ರಾನೇ ಪೇರಿಸಿದೀಯ. ಹಳೇದು ಮುಂದೆ, ಹೊಸದು ಹಿಂದೆ ಅಂತ ಹೇಳಿ ಹೇಳಿ ನನ್ನ ಬಾಯಿ ಸೋತೋಯ್ತು. ನೀನು ಕಿವಿಗೇ ಹಾಕ್ಕೊಳ್ಳಲ್ಲ. ಹಿಂದೆ ಉಳಿದ ಅರವತ್ತು ಪ್ಯಾಕೆಟ್ ತಾರೀಕು ದಾಟಿ ಬಲೂನಿನ ಹಾಗೆ ಊದ್ಕೊಂಡಿವೆ. ಅವನ್ನ ಮೋರಿಗೆ ಸುರಿಯೋಕೆ ನಾನು ಗೋಡೌನಿಗೆ ಹೊರಟೆ. ಎದ್ದ ತಕ್ಷಣ ಬಾ. ಅಂಗಡಿಯವರಿಗೆ ನೀನೇ ಫೋನ್ ಮಾಡಿ ಹೇಳು. ತಪ್ಪನ್ನ ಈ ಸಲಾನೂ ಕರೆಂಟಿನ ಮೇಲೆ ಹಾಕ್ಬೇಡ.

ಬರೋ ಮುಂಚೆ ಅಮ್ಮನಿಗೆ ಇನ್ಸುಲಿನ್ ಕೊಡು. ಫ್ರಿಜ್ಜಲ್ಲಿ ಮುಂದಿರೋ ಬಾಟ್ಲಿನೇ ತಗೋ, ಅದು ಹೊಸದು. ಹಿಂದೆ ಇನ್ನೊಂದಿದೆ, ಮುಚ್ಚಳಾನೂ ತೆಗೆದಿಲ್ಲ, ಅದರ ತಾರೀಕು ಹೋದ ತಿಂಗಳೇ ಮುಗಿದಿದೆ.

ಹೌದು, ಅಲ್ಲಿ ಜೋಡಿಸಿದ್ದು ನಾನೇ. ಗೋಡೌನಲ್ಲಿ ಬಾಯಿ ಬಿಡಬೇಡ.

ಅಕ್ಕ