ಬಿರುಕಿನ ಮೇಲಿನ ಗಾಜು

ಸಿಂಧನೂರು
ಆಗಸ್ಟ್ 4, ಸೋಮವಾರ

ಲಿಂಗಸುಗೂರಿನಲ್ಲಿ ಅಕ್ಕನ ಕೈಯಡುಗೆ ಉಂಡುಕೊಂಡು ಆರಾಮಾಗಿರುವ ವೀರೇಂದ್ರ ಅವರಿಗೆ, ನಿಮ್ಮ ಹೆಂಡತಿ ರಾಜಶ್ರೀ ಮಾಡುವ ಶರಣು.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಮಗೆ ಜಗಳ ಹತ್ತುತ್ತದೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಆರು ತಿಂಗಳಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಡುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ನಮ್ಮ ರೈಸ್ ಮಿಲ್ಲಿನ ಹಿಂದೆ ಭತ್ತ ಒಣಗಿಸುತ್ತಿದ್ದ ಕಣದಲ್ಲಿ ಪ್ಯಾಡೆಲ್ ಕೋರ್ಟ್ ಎದ್ದಿದೆ. ಕಬ್ಬಿಣದ ಚೌಕಟ್ಟು ನಿಂತಾಯಿತು, ದೀಪದ ಕಂಬಗಳೂ ನಿಂತವು. ಗೋಡೆಯಾಗಬೇಕಾದ ಹದಿನೆಂಟು ಗಾಜು ಗೋದಾಮಿನಲ್ಲಿ ಗೋಣಿಚೀಲ ಹೊದ್ದುಕೊಂಡಿವೆ. ಟೆನಿಸ್ ಇದ್ದಂತೆಯೇ, ಗಾಜಿನ ಗೋಡೆಯೊಳಗೆ ನಾಲ್ಕು ಜನ ಆಡುವುದು ಎಂದು ಊರವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ನಿಮ್ಮ ಅವ್ವ ಮಾತ್ರ ಬಂದವರಿಗೆಲ್ಲ, ನಮ್ಮ ಸೊಸೆ ಮೀನು ಸಾಕುವ ಡಬ್ಬಿ ಕಟ್ಟಿಸುತ್ತಿದ್ದಾಳೆ ಎನ್ನುತ್ತಾರೆ.

ನಗಲಿ ಬಿಡಿ. ಹೈದರಾಬಾದಿನಲ್ಲಿ ತಂಗಿಯ ಮನೆಗೆ ಹೋದಾಗ ಒಂದು ಸಂಜೆ ಈ ಆಟ ಆಡಿದ್ದೆ. ತಪ್ಪಿಹೋದ ಚೆಂಡು ಹಿಂದಿನ ಗಾಜಿಗೆ ಬಡಿದು ತಿರುಗಿ ಬರುತ್ತದೆ, ಮತ್ತೆ ಹೊಡೆಯಬಹುದು. ನಲವತ್ತು ದಾಟಿದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಬಂದು ಹೇಳಿದರೆ ನೀವೂ ಖುಷಿಯಾಗಿ ಮರುದಿನವೇ ನಕ್ಷೆ ಬರೆದಿರಿ. ಅದನ್ನು ನಾನು ಮರೆತಿಲ್ಲ.

ಈಗ ಇನ್ನೊಂದು ಸುದ್ದಿ. ಕಾಲುವೆಗೆ ನೀರು ಬಿಟ್ಟು ಮೂರು ವಾರವಾಯಿತು. ಮೊನ್ನೆ ಕೋರ್ಟಿನ ನೆಲದಲ್ಲಿ ಒಂದು ಬಿರುಕು ಕಾಣಿಸಿತು. ಕೂದಲೆಳೆಯಷ್ಟು, ಅಷ್ಟೇ. ನೀವು ಬರೆದಿಟ್ಟಂತೆ ನಾಲ್ಕು ಅಡಿ ಎರೆಮಣ್ಣು ತೆಗೆಸಿ, ಮಸ್ಕಿ ಕಡೆಯ ಗಟ್ಟಿ ಮರಂ ಮಣ್ಣು ತುಂಬಿಸಿಯೇ ಕಾಂಕ್ರೀಟ್ ಹಾಕಿಸಿದ್ದು. ಆದರೂ ಬಂತು.

ಮೇಸ್ತ್ರಿ ಮಸ್ತಾನಸಾಬರು ಬಿರುಕಿನ ಮೇಲೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿದ್ದಾರೆ. ನಮ್ಮ ಮನೆ ಕಟ್ಟುವಾಗ ನೀವೇ ಕಲಿಸಿದ್ದಂತೆ. ನೆಲ ಇನ್ನೂ ಅಲುಗುತ್ತಿದ್ದರೆ ಪಟ್ಟಿ ಒಡೆಯುತ್ತದೆ, ಕೂತಿದ್ದರೆ ಉಳಿಯುತ್ತದೆ. ಗುರುವಾರ ಗಾಜು ಕೂಡಿಸುವವರು ಬರುತ್ತಾರೆ. ಅಲುಗುವ ನೆಲದ ಮೇಲೆ ಕೂಡಿಸಿದರೆ ಹದಿನೆಂಟೂ ಚೂರು. ಅದಕ್ಕೇ ಬುಧವಾರ ಸಂಜೆಯ ತನಕ ಕಾಯುವುದು ಎಂದು ಮೇಸ್ತ್ರಿ ಹೇಳಿದ್ದಾರೆ. ಪಟ್ಟಿ ಉಳಿದರೆ ಈ ಕಾಗದ ಹರಿದು ಒಲೆಗೆ ಹಾಕುತ್ತೇನೆ. ಒಡೆದರೆ ಲಿಂಗಸುಗೂರು ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ಆಗ ನೀವು ಬರಲೇಬೇಕು. ಕೋರ್ಟಿನ ಸಲುವಾಗಿ ಮಾತ್ರ.

ಮಂಗಳವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನಿಂದ ಒಂಬತ್ತು ಸಲ ಹೋಗಿ ಪಟ್ಟಿ ನೋಡಿ ಬಂದೆ. ಚಹಾ ಸೋಸಿಟ್ಟು ಹೋದರೆ ಬರುವಷ್ಟರಲ್ಲಿ ಆರಿರುತ್ತದೆ. ಅತ್ತೆಗೂ ಬೇಸರ ಬಂದಿದೆ. "ಎಷ್ಟ್ ಸಲ ನೋಡ್ತೀಬೇ, ನೀ ನೋಡಿದ್ರ ನೆಲ ನಿಂದ್ರತೈತೇನು?" ಎಂದರು.

ನಿನ್ನೆ ನಾನು ಸುಳ್ಳು ಬರೆದೆ. ನಾಲ್ಕು ಅಡಿ ಅಗೆಸಿಲ್ಲ, ಎರಡೂವರೆಗೇ ನಿಲ್ಲಿಸಿದೆ. ಬಿರುಕೂ ಕೂದಲೆಳೆಯಲ್ಲ, ರೂಪಾಯಿ ನಾಣ್ಯ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿತ್ತು, ಎರೆ ಒಣಗಿ ಕಲ್ಲಾಗಿತ್ತು. ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಇಷ್ಟು ಗಟ್ಟಿ ನೆಲವನ್ನು ಇನ್ನೆಷ್ಟು ಅಗೆಯುವುದು ಎಂದು ಸಿಟ್ಟು ಬಂತು.

ಒಂದು ಸಲ ಕಾಲುವೆಗೆ ನೀರು ಬರಲಿ, ಎರೆ ಎಷ್ಟು ಉಬ್ಬುತ್ತದೋ ನೋಡೋಣ, ಆಮೇಲೆ ಕಟ್ಟೋಣ ಎಂದು ನೀವು ಫೆಬ್ರುವರಿಯಲ್ಲೇ ಹೇಳಿದ್ದಿರಿ. ನಾನು ಅದನ್ನು ಅಂಜಿಕೆ ಎಂದುಕೊಂಡೆ. ಹಮಾಲರೆಲ್ಲ ನಿಂತಿದ್ದಾಗಲೇ, "ನಿಮ್ಮ ಕೈಲೆ ಒಂದ್ ಕೆಲಸಾನೂ ಮುಗಿಯೂದಿಲ್ಲ, ನೀರು ನೋಡ್ಕೋತ ಕುಂದರ್ರಿ" ಎಂದೆ. ನೀವು ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಸ್ ಹತ್ತಿದಿರಿ. ಅವತ್ತು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ತಪ್ಪು ನನ್ನದು. ಬರೆದಾಯಿತು. ಇನ್ನೊಮ್ಮೆ ಬರೆಸಬೇಡಿ.

ಬುಧವಾರ, ಮಧ್ಯಾಹ್ನ

ಪಟ್ಟಿ ಇನ್ನೂ ಹಾಗೇ ಇದೆ. ಒಂದು ಗೆರೆಯೂ ಬಿದ್ದಿಲ್ಲ. ನನಗೆ ಖುಷಿಯಾಗಬೇಕಿತ್ತು. ಬೆಳಗಿನಿಂದ ಎಲ್ಲರ ಮೇಲೂ ಹರಿಹಾಯುತ್ತಿದ್ದೇನೆ, ಯಾಕೆಂದು ನನಗೇ ತಿಳಿಯುತ್ತಿಲ್ಲ. ಸಂಜೆಗೆ ಇನ್ನೂ ಮೂರು ತಾಸು ಇದೆ.

ಕೂತಲ್ಲಿ ಕೂರಲಾರದ,
ರಾಜಶ್ರೀ

ತಾ.ಕ.: ಸಂಜೆ ಆರು ಗಂಟೆ. ಪಟ್ಟಿ ಒಡೆದಿಲ್ಲ. ನೆಲ ಕೂತಿದೆ, ನಾಳೆ ಗಾಜು ಕೂಡಿಸಬಹುದು ಎಂದು ಹೇಳಿ ಮಸ್ತಾನಸಾಬರು ಕೈ ತೊಳೆಯಲು ಹೋದರು. ನಾನು ಒಂದು ಕಲ್ಲು ಎತ್ತಿಕೊಂಡು ಪಟ್ಟಿಯ ಮುಂದೆ ಕುಳಿತೆ. ಅವರು ಹಿಂದಿನಿಂದ ನೋಡಿಬಿಟ್ಟರು. "ಗಾಜ್ಯಾಕ ಒಡೀತೀರಿ ಅಮ್ಮಾ, ಮಾಲಕರಿಗೆ ಬರ್ರಿ ಅಂತ ಬರೀರಿ, ಬರ್ತಾರ" ಎಂದರು. ಕಲ್ಲು ಕೆಳಗಿಟ್ಟೆ.

ಬರ್ರಿ.