ಸಾಕ್ಷಿಯ ಸಹಿ ನನ್ನದು

ರೈಸ್‌ವೈಕ್, ನೆದರ್ಲೆಂಡ್ಸ್,
ಮಂಗಳವಾರ, ೧೪ ಅಕ್ಟೋಬರ್ ೨೦೨೫

ಪ್ರೀತಿಯ ದೀಕ್ಷಾಳಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಒಂದೇ ಸೂರಿನಡಿ ಇದ್ದುಕೊಂಡು ಅತ್ತೆ ಸೊಸೆಗೆ ಪತ್ರ ಬರೆಯುವುದೇ ಎಂದು ನಗಬೇಡ. ನೀನು ಯುಟ್ರೆಕ್ಟ್‌ನಿಂದ ಆರೂವರೆಗೆ ಬರುತ್ತೀ. ನಿನ್ನ ಮುಖ ನೋಡಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ, ಈ ಹದಿಮೂರು ದಿನವೂ ಹೀಗೇ ಆಗಿದೆ. ರಬಕವಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ನಿಜ ಹೇಳಿಸಿದವಳು ನಾನು. ಈಗ ನನ್ನದೇ ನಿಜ ಹೇಳಲು ಕಾಗದದ ಮರೆ ಬೇಕಾಗಿದೆ. ನೀನು ಬಂದ ತಕ್ಷಣ ಇದನ್ನು ಕೈಗಿಡುತ್ತೇನೆ, ಕೋಟು ಬಿಚ್ಚುವ ಮೊದಲೇ ಓದು.

ಸುತ್ತಿ ಬಳಸಿ ಬರೆಯುವುದಿಲ್ಲ. ನಿನ್ನ ಗಾಡಿಯ ಬಾನೆಟ್ ಮೇಲಿನ ಗೀರುಗಳು ಕಿಟಕಿ ಒರೆಸುವ ಗೆರಿಟ್ ಮಾಡಿದ್ದಲ್ಲ. ಅವು ನನ್ನ ಕೈಯವು.

ನವರಾತ್ರಿಯ ಖಂಡೆ ಪೂಜೆಯ ಬೆಳಿಗ್ಗೆ ನೀನು ಗಾಡಿಯ ಕೀಲಿಕೈಯನ್ನು ದೇವರ ಮುಂದಿಟ್ಟು, ಅದಕ್ಕೊಂದು ಬೊಟ್ಟು ಕುಂಕುಮ ಹಚ್ಚಿ, "ಆಯ್ತಲ್ಲ ಅತ್ತೆ, ಗಾಡಿಗೇನೂ ಹಚ್ಚೋದು ಬೇಡ" ಎಂದು ರೈಲಿಗೆ ಓಡಿದೆ. ನನಗೆ ಸಮಾಧಾನವಾಗಲಿಲ್ಲ. ಕೀಲಿಕೈಗೆ ಉಣ್ಣಿಸಿದರೆ ಗಾಡಿಯ ಹೊಟ್ಟೆ ತುಂಬುತ್ತದೆಯೇ? ಅದರ ಹಿಂದಿನ ಭಾನುವಾರ ನೀನು ಹೆದ್ದಾರಿಯಲ್ಲಿ ಆ ದೊಡ್ಡ ಲಾರಿಗಳ ನಡುವೆ ಗಾಡಿ ನುಗ್ಗಿಸಿದಾಗ ನಾನು ಹಿಂದಿನ ಸೀಟಿನಲ್ಲಿ ಅಮೂಲ್ಯಾಳ ಕೈ ಹಿಡಿದುಕೊಂಡು ಬಸವಣ್ಣನನ್ನು ಎಷ್ಟು ಸಲ ಕೂಗಿದೆನೋ. ಮೊಮ್ಮಗಳು ಡಚ್ಚಿನಲ್ಲಿ ಏನೋ ಹೇಳಿ ನಕ್ಕಳು. ನೀನು ಅವಳನ್ನು ಕೂರಿಸಿಕೊಂಡು ಓಡಾಡುವ ಗಾಡಿ ಅದು. ಹಾಗಾಗಿ ಎಲ್ಲರೂ ಹೋದ ಮೇಲೆ ತಟ್ಟೆ ಹಿಡಿದು ಕೆಳಗಿಳಿದೆ. ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟೆ. ವಿಭೂತಿ ಹಚ್ಚಿದೆ. ಕೊನೆಗೆ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಬಾನೆಟ್ ಮೇಲೆ, ಊರಿನಲ್ಲಿ ಪ್ರತಿ ವರ್ಷ ಬರೆಯುವಂತೆಯೇ, ದೊಡ್ಡದಾಗಿ ಸ್ವಸ್ತಿಕ ಬರೆದೆ.

ಓದುತ್ತಾ ಇಲ್ಲಿ ನಿನ್ನ ಎದೆ ಧಸಕ್ಕೆಂದಿರಬೇಕು. ನನಗೂ ಹಾಗೇ ಆಯಿತು, ಆದರೆ ಬರೆದು ಮುಗಿಸಿದ ಮೇಲೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ನಿಂತಳು. ಬಾನೆಟ್ ನೋಡಿದಳು, ನನ್ನನ್ನು ನೋಡಿದಳು, ಬಾಯಿಗೆ ಕೈ ಇಟ್ಟುಕೊಂಡಳು. ಏನೋ ಕೇಳಿದಳು. ಮಾತು ತಿಳಿಯದಿದ್ದರೂ ಆ ಕಣ್ಣು ತಿಳಿಯಿತು. ನಾನು ಇಲ್ಲಿಗೆ ಬಂದ ದಿನವೇ ನೀವಿಬ್ಬರೂ ಎಚ್ಚರಿಸಿದ್ದಿರಿ, ಬಾಗಿಲಿಗೆ ಆ ಗುರುತು ಬೇಡ, ಇಲ್ಲಿಯವರಿಗೆ ಅದು ನಾಜಿಗಳದು, ಅವರ ಮನೆಗಳಿಂದ ಜನರನ್ನು ಎಳೆದೊಯ್ದವರದು ಎಂದು. ಹಬ್ಬದ ಗಡಿಬಿಡಿಯಲ್ಲಿ ನನ್ನ ಕೈ ತನ್ನ ರೂಢಿಯನ್ನು ತಾನೇ ಮಾಡಿತ್ತು. ಆ ಹೆಂಗಸು ತಿರುಗಿ ತಿರುಗಿ ನೋಡುತ್ತಾ ಹೋದಳು.

ಪೊಲೀಸರನ್ನು ಕರೆಯಲು ಹೋದಳೆಂದೇ ತಿಳಿದೆ. ಒಳಗೆ ಓಡಿ, ಕೈಗೆ ಸಿಕ್ಕಿದ ಪಾತ್ರೆ ತಿಕ್ಕುವ ತಂತಿನಾರು ತಂದು, ಸೋಪು ಸುರಿದು ತಿಕ್ಕಿದೆ. ಕುಂಕುಮ ಹೋಗುವಷ್ಟರಲ್ಲಿ ಬಣ್ಣವೂ ಹೋಯಿತು. ತಳ ಹತ್ತಿದ ಬೋಗುಣಿ ತಿಕ್ಕಿದ ಹಾಗೆ ಬಾನೆಟ್ ತುಂಬಾ ಗೀರು. ನಿಂಬೆಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಬಂದು ಬಾಗಿಲು ಹಾಕಿಕೊಂಡೆ.

ಸಂಜೆ ನೀನು ಗೀರು ನೋಡಿ ಅತ್ತುಬಿಟ್ಟೆ. ನಿನ್ನ ಸ್ವಂತ ದುಡಿಮೆಯ ಮೊದಲ ಗಾಡಿ ಅದು, ಅಳದೆ ಏನು ಮಾಡುತ್ತೀ. ಅಂದು ಬೀದಿಯ ಕಿಟಕಿಗಳನ್ನು ಒರೆಸಲು ಗೆರಿಟ್ ಬಂದಿದ್ದ, ಬಕೆಟ್ಟನ್ನು ಬಾನೆಟ್ ಮೇಲಿಟ್ಟಿರಬೇಕು ಎಂಬ ಮಾತು ಬಂತು. "ಅತ್ತೆ, ಅವನು ಬಕೆಟ್ ಇಟ್ಟಿದ್ದನ್ನ ನೀವು ನೋಡಿದ್ರಾ?" ಎಂದು ನೀನು ಕೇಳಿದೆ. ನಾನು ಹೂಂ ಅಂದೆ. ಹಾಗೆ ಅನ್ನು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀನು ಪರಿಹಾರ ಕೇಳಿ ಅವನಿಗೆ ಪತ್ರ ಬರೆದೆ, ಕೆಳಗೆ ಸಾಕ್ಷಿಯೆಂದು ನನ್ನ ಹೆಸರು ಹಾಕಿದೆ. ನಾನು ಕನ್ನಡದಲ್ಲಿ, ದುಂಡಗೆ, ಶಿವಕ್ಕ ಎಂದು ಸಹಿ ಮಾಡಿದೆ.

ಶುಕ್ರವಾರ ಅವನು ಬಂದದ್ದು ನೆನಪಿದೆಯಲ್ಲ? ಮುಖ ಕೆಂಪಾಗಿತ್ತು. ಬಕೆಟ್ಟನ್ನು ತನ್ನ ವ್ಯಾನಿನ ಮೇಲೆಯೇ ಗರಗರ ಉಜ್ಜಿ ತೋರಿಸಿದ, ಸ್ಪಂಜಿನಿಂದ ಉಜ್ಜಿ ತೋರಿಸಿದ. ಒಂದು ಗೀರೂ ಬೀಳಲಿಲ್ಲ. ನೀನು ಒಪ್ಪಲಿಲ್ಲ, ಯಾಕೆ ಒಪ್ಪುತ್ತೀ, ಮನೆಯಲ್ಲಿ ಕಣ್ಣಾರೆ ಕಂಡ ಮುದುಕಿ ಇದ್ದಾಳಲ್ಲ! ಅವನು ನನ್ನತ್ತ ನೋಡಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ನಿನ್ನೆ ನೀನೇ ಹೇಳಿದೆ, ಬೀದಿಯ ಮೂರು ಮನೆಯವರು ಅವನಿಗೆ ಇನ್ನು ಬರಬೇಡ ಎಂದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಅವನ ಅನ್ನ ಹೋಗುತ್ತಿದೆ, ನಾನು ಅದೇ ಕಿಟಕಿಯ ಹಿಂದೆ ಕೂತು ಚಹಾ ಕುಡಿಯುತ್ತಿದ್ದೇನೆ.

ನಾಳೆ ಹತ್ತು ಗಂಟೆಗೆ ಅವನ ವಿಮೆಯವರು ನನ್ನನ್ನೇ ಕೇಳಲು ಬರುತ್ತಾರೆ ಎಂದೆಯಲ್ಲ, ಆಗಿನಿಂದ ಕರೆಗಂಟೆ ಬಾರಿಸಿದರೆ ಅಡುಗೆಮನೆಗೆ ಓಡುತ್ತೇನೆ. ಹೊರಗೆ ಗಾಡಿ ನಿಂತರೆ ಪೊಲೀಸರೇ ಅನ್ನಿಸುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿ ನಗಿಸಿದ್ದೆ, ಈಗ ದಿನಕ್ಕೆ ಹತ್ತು ಸಲ ನನ್ನ ಹೆಗಲು ಮುಟ್ಟಿಕೊಳ್ಳುತ್ತೇನೆ. ಸುಳ್ಳು ಸಾಕ್ಷಿಗೆ ಈ ದೇಶದಲ್ಲಿ ಏನು ಶಿಕ್ಷೆಯೋ ತಿಳಿಯದು. ನನ್ನನ್ನು ವಿಮಾನ ಹತ್ತಿಸಿದರೆ ಹತ್ತಿಸಲಿ, ಇಲ್ಲಿ ಇರಲು ನಿಮಗಿರುವ ಪರ್ಮಿಟ್ಟಿಗೆ ಕುತ್ತು ಬಂದರೆ ಎಂಬುದೇ ಭಯ.

ಆದರೂ ನಾಳೆ ನಾನು ನಿಜವನ್ನೇ ಹೇಳುತ್ತೇನೆ. ನೀನು ಅದನ್ನು ಡಚ್ಚಿಗೆ ತಿರುಗಿಸು, ಮೆತ್ತಗೆ ಮಾಡಬೇಡ, ಸ್ವಸ್ತಿಕವನ್ನೂ ಬಿಡಬೇಡ. ಇವತ್ತೇ ಗೆರಿಟ್‌ಗೆ ಫೋನ್ ಮಾಡಿ ಪರಿಹಾರದ ಪತ್ರ ವಾಪಸು ತೆಗೆದುಕೋ, ಆ ಮೂರು ಮನೆಗಳಿಗೆ ನನ್ನನ್ನು ಕರೆದುಕೊಂಡು ಹೋಗು. ಬಾನೆಟ್ಟಿನ ಬಣ್ಣ ನನ್ನ ಪಿಂಚಣಿಯಲ್ಲಿ ಆಗಲಿ. ನಿನಗೆ ಎಷ್ಟು ಬೈಯಬೇಕೋ ಅಷ್ಟು ಬೈ. ಮಾತು ಬಿಡಬೇಡ ಮಗಳೇ, ಅದೊಂದು ತಡೆಯಲಾರೆ.

ಇಂತಿ, ತಲೆ ತಗ್ಗಿಸಿ ಕೂತಿರುವ ನಿನ್ನ ಅತ್ತೆ,
ಶಿವಕ್ಕ

ತಾ.ಕ.: ಸಹಿ ಮಾಡಿದ ಮೇಲೆ ಮತ್ತೆ ಓದಿದೆ. ಇದರಲ್ಲಿ ಇನ್ನೂ ಒಂದು ಸುಳ್ಳು ಉಳಿದಿದೆ. ಹೂಂ ಅನ್ನು ಎಂದು ನನಗೆ ಹೇಳಿಕೊಟ್ಟವನು ನಿನ್ನ ಗಂಡ, ಈಶಾನ್. ಅಂದು ಅವನು ನಿನಗಿಂತ ಮೊದಲು ಮನೆಗೆ ಬಂದಿದ್ದ. ಬಾನೆಟ್ಟಿನ ಸಂದಿಯಲ್ಲಿ ಉಳಿದ ಕುಂಕುಮವನ್ನು ಕರವಸ್ತ್ರದಿಂದ ತಾನೇ ಒರೆಸಿದ. "ಅವ್ವಾ, ಇದು ಹೊರಗ ಬಿದ್ರ ನಮ್ಮನ್ನ ಇಲ್ಲಿ ಯಾರೂ ಇಟ್ಕೊಳ್ಳಂಗಿಲ್ಲ. ದೀಕ್ಷಾಗೂ ಹೇಳಬ್ಯಾಡ, ಆಕಿ ಕೇಳಿದ್ರ ಹೂಂ ಅನ್ನು" ಅಂದ. ಆಮೇಲೆ ನಿನ್ನ ಪಕ್ಕದಲ್ಲಿ ಕೂತು, ಎಲ್ಲ ಗೊತ್ತಿದ್ದೂ, ಗೆರಿಟ್‌ನ ಹೆಸರು ಎತ್ತಿದ. ನಿನ್ನ ಪತ್ರವನ್ನೂ ತಿದ್ದಿಕೊಟ್ಟ. ನಾನು ಇದನ್ನು ಬರೆಯುತ್ತಿರುವುದು ಅವನಿಗೆ ಗೊತ್ತಿಲ್ಲ. ನಾಳೆ ಬರುವವರಿಗಿಂತ ನನಗೆ ಇವತ್ತು ಏಳು ಗಂಟೆಗೆ ಬಾಗಿಲು ತೆಗೆದು ಒಳಗೆ ಬರುವ ನನ್ನ ಮಗನದೇ ಹೆಚ್ಚು ಹೆದರಿಕೆ.