ಅಜ್ಜಿ ಹೇಳಿದ ಸುಳ್ಳು

ಗುಂಡಾ,

ಇವತ್ತು ಮೊದಲ ಟ್ರಿಪ್ ನನ್ನದು, ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ, ತಣ್ಣಗಾಗುವ ಮುಂಚೆ ತಿನ್ನು.

ಅಜ್ಜಿಯನ್ನು ಹುಡುಕಬೇಡ. ನನ್ನ ಬಸ್ಸಿನಲ್ಲೇ ಕರೆದುಕೊಂಡು ಹೋಗಿ ನಿನ್ನ ಸೋದರತ್ತೆಯ ಮನೆಗೆ ಬಿಡುತ್ತೇನೆ. ಅವಳ ಮುಂಗೈ ಊದಿಕೊಂಡಿದೆ. ಕೇಳಿದರೆ, "ಬಚ್ಚಲಲ್ಲಿ ಜಾರಿಬಿದ್ದೆ ಕಣೋ, ಮಗು ಏನೂ ಮಾಡಿಲ್ಲ" ಅನ್ನುತ್ತಾಳೆ. ಮೂವತ್ತು ವರ್ಷದ ಮಗು! ನಿನ್ನೆ ಸಂಜೆ ಕುಡಿದು ಬಂದು ನೀನು ಅವಳನ್ನು ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿನಗೆ ನೆನಪಿದೆಯೋ ಇಲ್ಲವೋ, ಅದಕ್ಕೇ ಬರೆದಿಟ್ಟೆ. ಅವಳು ಸದ್ಯಕ್ಕೆ ಅಲ್ಲೇ ಇರಲಿ.

ಇಷ್ಟು ವರ್ಷ ನಾನೂ ಕಂಡೂ ಕಾಣದ ಹಾಗಿದ್ದೆ. ಅದು ನನ್ನ ತಪ್ಪು.

ನಾಲ್ಕು ಗಂಟೆಗೆ ಕುಡಿತ ಬಿಡಿಸುವ ಡಾಕ್ಟರ ಹತ್ತಿರ ಹೋಗೋಣ. ಅರ್ಧ ದಿನ ರಜೆ ಹಾಕಿದ್ದೇನೆ. ಸ್ನಾನ ಮಾಡಿ ತಯಾರಾಗಿರು, ನೀಲಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ.

ಇನ್ನು ಮೇಲೆ ಕುಡಿದು ಬಂದರೆ ನಾನು ಚಿಲಕ ತೆಗೆಯುವುದಿಲ್ಲ. ಬೈದರೂ ಇಲ್ಲ, ಅತ್ತರೂ ಇಲ್ಲ. ಹಾಗಂತ ಅಪ್ಪ ಹಾಯಾಗಿ ಮಲಗಿದ್ದಾನೆ ಅಂದುಕೊಳ್ಳಬೇಡ. ನಿನ್ನ ಅಮಲು ಇಳಿಯುವ ತನಕ ಬಾಗಿಲಿನ ಈ ಕಡೆ, ನೆಲದ ಮೇಲೆ ಕೂತಿರುತ್ತೇನೆ.

ಅಪ್ಪ